ವೃತ್ತಿಕ್ಷೇತ್ರದಲ್ಲಿ ಮೌಖಿಕ ಸಂವಹನ

ವೃತ್ತಿಕ್ಷೇತ್ರದಲ್ಲಿ ಮೌಖಿಕ ಸಂವಹನ ಎಂದರೆ ಕಚೇರಿ, ಆಸ್ಪತ್ರೆ, ಶಾಲೆ, ಮಾರುಕಟ್ಟೆ, ಕಾರ್ಖಾನೆ ಮೊದಲಾದ ಕೆಲಸದ ಸ್ಥಳಗಳಲ್ಲಿ ಮಾಹಿತಿ, ಸೂಚನೆ, ಅಭಿಪ್ರಾಯಗಳನ್ನು ಮಾತಿನ ಮೂಲಕ ವಿನಿಮಯ ಮಾಡಿಕೊಳ್ಳುವ ಕ್ರಿಯೆ. ಸಂದರ್ಶನ, ಸಭೆ, ದೂರವಾಣಿ ಸಂಭಾಷಣೆ, ಸಾರ್ವಜನಿಕರೊಡನೆ ವ್ಯವಹಾರ, ಮೇಲಧಿಕಾರಿಗೆ ವರದಿ ಒಪ್ಪಿಸುವುದು, ಸಹೋದ್ಯೋಗಿಗಳಿಗೆ ಕೆಲಸ ವಹಿಸುವುದು ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ನಿರರ್ಗಳವಾಗಿ ಮಾತನಾಡುವುದು ಮತ್ತು ಪರಿಣಾಮಕಾರಿಯಾಗಿ ಮಾತನಾಡುವುದು ಒಂದೇ ಅಲ್ಲ. ಆಡಿದ ಮಾತು ಕೇಳುಗನಿಗೆ ಆಡಿದವನ ಉದ್ದೇಶದಂತೆಯೇ ಅರ್ಥವಾಯಿತೇ, ಅದರಿಂದ ಆಗಬೇಕಾದ ಕೆಲಸ ಸರಿಯಾಗಿ ಆಯಿತೇ ಎಂಬುದೇ ಈ ಕೌಶಲದ ಅಳತೆಗೋಲು.

ಒಂದಕ್ಕಿಂತ ಹೆಚ್ಚು ಭಾಷೆಗಳು ಬಳಕೆಯಲ್ಲಿರುವ ಪ್ರದೇಶಗಳಲ್ಲಿ ಈ ಅಳತೆಗೋಲಿಗೆ ವಿಶೇಷ ಮಹತ್ವವಿದೆ. ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆ ಇದಕ್ಕೆ ಉತ್ತಮ ನಿದರ್ಶನ. ಈ ಲೇಖನದಲ್ಲಿ ಅಲ್ಲಿನ ದೈನಂದಿನ ವ್ಯವಹಾರದ ಉದಾಹರಣೆಗಳ ಮೂಲಕ ವಿಷಯವನ್ನು ವಿವರಿಸಲಾಗಿದೆ.

ಹಿನ್ನೆಲೆ

ಮಾತಿನ ಔಚಿತ್ಯದ ಚರ್ಚೆ ಕನ್ನಡದಲ್ಲಿ ಬಹು ಹಳೆಯದು. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದೆಂದು ಪರಿಗಣಿತವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಈ ನಾಡಿನ ಜನರು ಹದವರಿತು ನುಡಿಯಬಲ್ಲರು, ಪರರು ನುಡಿದುದನ್ನು ವಿಚಾರಿಸಿ ತಿಳಿಯಬಲ್ಲರು ಎಂದು ಪ್ರಶಂಸಿಸುತ್ತದೆ. ನುಡಿಯುವುದು ಮತ್ತು ನುಡಿದುದನ್ನು ಅರಿಯುವುದು ಎಂಬ ಎರಡು ಸಾಮರ್ಥ್ಯಗಳನ್ನು ಆ ಗ್ರಂಥ ಜೊತೆಯಾಗಿಯೇ ಹೇಳಿರುವುದು ಗಮನಾರ್ಹ. ಹನ್ನೆರಡನೆಯ ಶತಮಾನದ ವಚನಕಾರರು ನುಡಿ ಮತ್ತು ನಡೆಗಳ ಹೊಂದಾಣಿಕೆಯನ್ನು ಮತ್ತೆ ಮತ್ತೆ ಚರ್ಚಿಸಿದ್ದಾರೆ.

ಪಾಶ್ಚಾತ್ಯ ಪರಂಪರೆಯಲ್ಲಿ ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ಮಾತಿನ ಪ್ರಭಾವಕ್ಕೆ ಮೂರು ಆಧಾರಗಳನ್ನು ಗುರುತಿಸಿದನು: ಮಾತನಾಡುವವನ ವಿಶ್ವಾಸಾರ್ಹತೆ, ವಾದದ ತರ್ಕ ಮತ್ತು ಕೇಳುಗರ ಭಾವ. ಆಧುನಿಕ ಕಾಲದಲ್ಲಿ ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನಲ್ಲಿ ಉದ್ಯೋಗಸ್ಥರಿಗಾಗಿ ಭಾಷಣಕಲೆಯ ತರಗತಿಗಳನ್ನು ಆರಂಭಿಸಿದರು. 1924ರಲ್ಲಿ ರಾಲ್ಫ್ ಸ್ಮೆಡ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟವು ಮುಂದೆ ಅಂತರರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ಭಾಷಾ ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಂಭಾಷಣೆಯು ಪರಸ್ಪರ ಸಹಕಾರದಿಂದ ನಡೆಯುತ್ತದೆಂದೂ ಅಗತ್ಯವಿದ್ದಷ್ಟೇ ಹೇಳುವುದು, ನಿಜವನ್ನು ಹೇಳುವುದು, ಪ್ರಸ್ತುತವಾದುದನ್ನು ಹೇಳುವುದು, ಸ್ಪಷ್ಟವಾಗಿ ಹೇಳುವುದು ಎಂಬ ನಾಲ್ಕು ನಿರೀಕ್ಷೆಗಳು ಅದರ ಹಿಂದಿವೆಯೆಂದೂ ವಿವರಿಸಿದರು.

ಕೆಲಸದ ಸ್ಥಳದ ಮಾತು ಅಸ್ಪಷ್ಟವಾದರೆ ಎಷ್ಟು ದೊಡ್ಡ ಹಾನಿಯಾಗಬಹುದು ಎಂಬುದಕ್ಕೆ ವಿಮಾನಯಾನದ ಒಂದು ದುರಂತವನ್ನು ಉದಾಹರಿಸಲಾಗುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಓಡುದಾರಿಯ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು ಸೇರಿದಂತೆ ಹಲವು ಕಾರಣಗಳಿದ್ದವು. ಅವುಗಳಲ್ಲಿ ಮಾತಿನ ಅಸ್ಪಷ್ಟತೆಯೂ ಒಂದು. ತಾವು ಈಗ ಹಾರಾಟದ ಹಂತದಲ್ಲಿದ್ದೇವೆ ಎಂಬ ಅರ್ಥದಲ್ಲಿ ಒಂದು ವಿಮಾನದಿಂದ ಬಂದ ಮಾತನ್ನು ನಿಯಂತ್ರಕರು, ವಿಮಾನವು ಹಾರಲು ಸಿದ್ಧವಾಗಿ ನಿಂತಿದೆ ಎಂದು ತಿಳಿದು ‘ಓಕೆ’ ಎಂದರು. ಕಾಯುವಂತೆ ಅವರು ಮುಂದೆ ಹೇಳಿದ ಮಾತು, ಅದೇ ಕ್ಷಣದಲ್ಲಿ ಇನ್ನೊಂದು ವಿಮಾನವೂ ಮಾತನಾಡಿದ್ದರಿಂದ ಸ್ಪಷ್ಟವಾಗಿ ಕೇಳಿಸಲಿಲ್ಲ. ಈ ದುರಂತದ ತರುವಾಯ ನಿಗದಿತ ಪದಗಳನ್ನೇ ಬಳಸುವ ಮತ್ತು ಪಡೆದ ಸೂಚನೆಯನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ನಿಯಮಗಳು ವಿಮಾನಯಾನದಲ್ಲಿ ಬಿಗಿಗೊಂಡವು.

ಚಿಕ್ಕಬಳ್ಳಾಪುರ ಪ್ರದೇಶದ ಭಾಷಾ ಸನ್ನಿವೇಶ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿರುವ ಈ ಜಿಲ್ಲೆಯಲ್ಲಿ ಆಡಳಿತ ಭಾಷೆ ಕನ್ನಡವಾಗಿದ್ದರೂ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಪಟ್ಟಣಗಳಲ್ಲಿ ಉರ್ದು ಮಾತನಾಡುವವರೂ ಗಣನೀಯವಾಗಿದ್ದಾರೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಂಡಿಕಲ್ಲಿನಂತಹ ಊರಿನ ವಿದ್ಯಾರ್ಥಿಯು ಮನೆಯಲ್ಲಿ ತೆಲುಗಿನಲ್ಲಿ ಮಾತನಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಮುಂದೆ ಬೆಂಗಳೂರಿನ ಸಂದರ್ಶನವೊಂದನ್ನು ಇಂಗ್ಲಿಷಿನಲ್ಲಿ ಎದುರಿಸಬೇಕಾದ ಸಂದರ್ಭ ಅಪರೂಪವಲ್ಲ. ಮೂರನೆಯ ಭಾಷೆಯಲ್ಲಿ ಆತನು ತಡವರಿಸಿದರೆ ಅದನ್ನು ವಿಷಯಜ್ಞಾನದ ಕೊರತೆಯೆಂದು ಇತರರು ಭಾವಿಸುವುದುಂಟು. ಹಲವು ವೇಳೆ ಆತನೇ ಹಾಗೆ ಭಾವಿಸಿಬಿಡುವುದುಂಟು.

ಜಿಲ್ಲೆಯ ಪ್ರಮುಖ ಕಸುಬಾದ ರೇಷ್ಮೆ ಕೃಷಿಯಲ್ಲಿ ಈ ಬಹುಭಾಷಿಕತೆ ಸ್ಪಷ್ಟವಾಗಿ ಕಾಣುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತ ತೆಲುಗಿನವನಾಗಿರಬಹುದು, ಕೊಳ್ಳುವ ರೀಲರ್ ಉರ್ದು ಮಾತನಾಡುವವನಾಗಿರಬಹುದು, ಮಾರುಕಟ್ಟೆಯ ದಾಖಲೆಗಳು ಕನ್ನಡದಲ್ಲಿರುತ್ತವೆ. ಇ-ಹರಾಜು ಬಂದ ಮೇಲೆ ಬೆಲೆ ಕೂಗುವ ಕಾರ್ಯ ಮೊಬೈಲಿಗೆ ಸರಿದಿದೆ. ಆದರೂ ಗೂಡಿನ ಗುಣಮಟ್ಟ, ತೂಕ, ಪಾವತಿ ಕುರಿತ ವಿಚಾರಣೆಗಳು ಬಹುಮಟ್ಟಿಗೆ ಬಾಯಿಮಾತಿನಲ್ಲೇ ನಡೆಯುತ್ತವೆ.

ಕನ್ನಡ ಮತ್ತು ತೆಲುಗು ಹತ್ತಿರದ ಭಾಷೆಗಳಾದುದರಿಂದ ಅನುಕೂಲವೂ ಇದೆ, ಅಪಾಯವೂ ಇದೆ. ಒಂದೇ ಬಗೆಯಾಗಿ ಕೇಳಿಸುವ ಪದಗಳು ಬೇರೆ ಅರ್ಥ ಕೊಡುವುದುಂಟು. ತೆಲುಗಿನಲ್ಲಿ ‘ಕಾದು’ ಎಂದರೆ ‘ಅಲ್ಲ’; ಕನ್ನಡದಲ್ಲಿ ‘ಕಾಯ್ದುಕೊಂಡಿದ್ದು’ ಅಥವಾ ‘ಬಿಸಿಯಾಗಿ’. ತೆಲುಗಿನ ‘ಅವುನು’ ಎಂದರೆ ‘ಹೌದು’. ಅವಸರದಲ್ಲಿ ಅದು ಕನ್ನಡದ ‘ಅವನು’ ಎಂದು ಕೇಳಿಸಬಹುದು. ತೆಲುಗಿನಲ್ಲಿ ‘ತಿಂಡಿ’ ಎಂದರೆ ಸಾಮಾನ್ಯವಾಗಿ ಆಹಾರ. ಕನ್ನಡದಲ್ಲಿ ಬೆಳಗಿನ ಉಪಾಹಾರ ಅಥವಾ ಕುರುಕಲು. ಆಸ್ಪತ್ರೆಯಲ್ಲಿ ‘ತಿಂಡಿ ಆದ ಮೇಲೆ ಒಂದು ಮಾತ್ರೆ’ ಎಂದು ಕನ್ನಡದಲ್ಲಿ ಹೇಳಿದಾಗ, ಪ್ರತಿ ಊಟದ ನಂತರವೂ ಒಂದು ಎಂದು ತೆಲುಗು ಮನೆಮಾತಿನ ರೋಗಿ ಗ್ರಹಿಸುವ ಸಾಧ್ಯತೆ ಇದೆ. ‘ಬೆಳಿಗ್ಗೆ ತಿಂಡಿ ತಿಂದ ಮೇಲೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಬೇಡ’ ಎಂದರೆ ಆ ಸಂದಿಗ್ಧ ಉಳಿಯುವುದಿಲ್ಲ.

ಈ ಪ್ರದೇಶದಲ್ಲಿ ಹುಟ್ಟಿ ಸಾರ್ವಜನಿಕ ಜೀವನದಲ್ಲಿ ಹೆಸರಾದ ಇಬ್ಬರ ನಡವಳಿಕೆ ಈ ವಿಷಯಕ್ಕೆ ಪ್ರಸ್ತುತ. ಮುದ್ದೇನಹಳ್ಳಿಯಲ್ಲಿ ಜನಿಸಿ 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಸಣ್ಣ ಭಾಷಣವನ್ನಾದರೂ ಪೂರ್ವಸಿದ್ಧತೆಯಿಲ್ಲದೆ ಮಾಡುತ್ತಿರಲಿಲ್ಲ ಎಂಬುದು ಪ್ರಸಿದ್ಧವಾದ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ, 1936ರಲ್ಲಿ ಅಲ್ಲಿಗೆ ಭೇಟಿಯಿತ್ತ ಮಹಾತ್ಮ ಗಾಂಧಿಯವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಕೆಲಸ ಮಾಡಿದ ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಿಜ್ಞಾನದ ವಿಷಯಗಳನ್ನು ಜನಸಾಮಾನ್ಯರಿಗೆ ಉಪನ್ಯಾಸಗಳ ಮೂಲಕ ತಲುಪಿಸುವ ಪರಂಪರೆಯನ್ನು ಬೆಳೆಸಿದರು. ಹಳ್ಳಿಯ ಹಿನ್ನೆಲೆ, ಬಡತನ ಇವು ಮಾತಿನ ಸಾಮರ್ಥ್ಯಕ್ಕೆ ಅಡ್ಡಿಯಾಗಲೇಬೇಕೆಂದಿಲ್ಲ ಎಂಬುದಕ್ಕೆ ಅವರ ಜೀವನ ನಿದರ್ಶನ.

ಕೌಶಲದ ಅಂಗಗಳು

ಸಿದ್ಧತೆ

ಮಾತನಾಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಕೇಳುವವರು ಯಾರು? ಅವರಿಗೆ ಈಗಾಗಲೇ ಏನು ತಿಳಿದಿದೆ? ಮಾತು ಮುಗಿದ ಮೇಲೆ ಅವರು ಏನು ಮಾಡಬೇಕು? ಮೂರನೆಯ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರಿಸಲಾಗದಿದ್ದರೆ ಸಿದ್ಧತೆ ಮುಗಿದಿಲ್ಲವೆಂದೇ ಅರ್ಥ. ಇಡೀ ಭಾಷಣವನ್ನು ಬಾಯಿಪಾಠ ಮಾಡುವುದಕ್ಕಿಂತ ಮೊದಲ ವಾಕ್ಯ, ಮುಖ್ಯ ಅಂಶಗಳು ಮತ್ತು ಕೊನೆಯ ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಬಾಯಿಪಾಠದಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲವೂ ತಪ್ಪಿಹೋಗುತ್ತದೆ.

ಆಲಿಸುವಿಕೆ

ಎದುರಿನವರ ಮಾತು ಮುಗಿಯುವವರೆಗೆ ತಡೆಯದಿರುವುದು, ಮುಖ್ಯಾಂಶವನ್ನು ಗುರುತು ಹಾಕಿಕೊಳ್ಳುವುದು, ಬಳಿಕ ‘ನೀವು ಹೇಳುತ್ತಿರುವುದು ಇದು ತಾನೆ?’ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಆಲಿಸುವಿಕೆಯ ಮೂರು ಹಂತಗಳು. ಸಾರ್ವಜನಿಕ ಕಚೇರಿಗೆ ಬರುವವರು ಅನೇಕ ವೇಳೆ ತಮ್ಮ ತೊಂದರೆಯನ್ನು ಮೊದಲಿನಿಂದ ಕಥೆಯಂತೆ ಹೇಳುತ್ತಾರೆ. ಬೇಕಾದ ಮಾಹಿತಿ ಕಥೆಯ ಕೊನೆಯಲ್ಲಿರುತ್ತದೆ. ಮಧ್ಯದಲ್ಲಿಯೇ ಮಾತು ತುಂಡರಿಸಿ ‘ಯಾವ ಅರ್ಜಿ ಬೇಕು ಹೇಳಿ’ ಎಂದರೆ, ಅವರಿಗೆ ಅಗತ್ಯವಿಲ್ಲದ ಅರ್ಜಿಯನ್ನು ಕೊಟ್ಟು ಕಳುಹಿಸುವ ಸಂಭವವೇ ಹೆಚ್ಚು.

ಪದಗಳ ಆಯ್ಕೆ

ಪ್ರತಿಯೊಂದು ಕಸುಬಿಗೂ ಅದರದೇ ಪದಗಳಿರುತ್ತವೆ. ರೇಷ್ಮೆಹುಳು ಪೊರೆ ಕಳಚುವ ಹಂತವನ್ನು ಪಠ್ಯಪುಸ್ತಕಗಳು ‘ನಿರ್ಮೋಚನ’ ಎನ್ನುತ್ತವೆ. ರೈತರು ‘ಜ್ವರ’ ಎನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಯು ‘ಹುಳು ಎರಡನೇ ಜ್ವರಕ್ಕೆ ಕೂತಿವೆ’ ಎಂಬ ಮಾತನ್ನು ರೋಗವೆಂದು ತಿಳಿಯಬಹುದು. ಅದೇ ಅಧಿಕಾರಿ ‘ನಿರ್ಮೋಚನದ ನಂತರ ಸೋಂಕುನಿವಾರಕ ಬಳಸಿ’ ಎಂದರೆ ರೈತನಿಗೆ ತಿಳಿಯದಿರಬಹುದು. ‘ಹುಳು ಜ್ವರದಿಂದ ಎದ್ದ ಮೇಲೆ, ಸೊಪ್ಪು ಹಾಕುವ ಮೊದಲು ಪುಡಿ ಹಾಕಿ’ ಎಂಬ ವಾಕ್ಯ ಇಬ್ಬರಿಗೂ ಅರ್ಥವಾಗುತ್ತದೆ. ಕೇಳುಗನ ಪದವನ್ನು ಬಳಸುವುದರಿಂದ ವೃತ್ತಿಯ ಘನತೆ ಕಡಿಮೆಯಾಗುವುದಿಲ್ಲ. ತಾಂತ್ರಿಕ ಪದ ಅನಿವಾರ್ಯವಾದಲ್ಲಿ ಅದನ್ನು ಹೇಳಿ, ಕೂಡಲೇ ಬಳಕೆಯ ಮಾತಿನಲ್ಲಿ ವಿವರಿಸಬೇಕು.

ಅಂಕಿ, ಅಳತೆ ಮತ್ತು ದಿನಾಂಕ

ಮಾತಿನಲ್ಲಿ ಅತಿ ಹೆಚ್ಚು ತಪ್ಪುವುದು ಅಂಕಿಗಳು. ದೂರವಾಣಿಯಲ್ಲಿ ‘ಎಪ್ಪತ್ತು’ ಮತ್ತು ‘ಎಂಬತ್ತು’, ‘ಹದಿನೈದು’ ಮತ್ತು ‘ಹದಿನಾರು’ ಒಂದರಂತೆ ಇನ್ನೊಂದು ಕೇಳಿಸಬಹುದು. ‘ಎಂಬತ್ತು, ಎಂಟು ಸೊನ್ನೆ’ ಎಂದು ಅಂಕಿಗಳನ್ನು ಬಿಡಿಸಿ ಹೇಳಿದರೆ ಗೊಂದಲವಿರುವುದಿಲ್ಲ.

ದಿನಗಳ ಲೆಕ್ಕದಲ್ಲಿಯೂ ಎಚ್ಚರ ಬೇಕು. ಹಳ್ಳಿಯ ಬಳಕೆಯಲ್ಲಿ ‘ಎಂಟು ದಿನ’ ಎಂದರೆ ಸಾಮಾನ್ಯವಾಗಿ ಒಂದು ವಾರ, ‘ಹದಿನೈದು ದಿನ’ ಎಂದರೆ ಎರಡು ವಾರ. ಕಚೇರಿಯ ಲೆಕ್ಕದಲ್ಲಿ ಅವು ಅಕ್ಷರಶಃ ಎಂಟು ಮತ್ತು ಹದಿನೈದು ದಿನಗಳು. ‘ಮುಂದಿನ ಸೋಮವಾರ’ ಎಂಬುದೂ ಸಂದಿಗ್ಧ. ವಾರದ ಹೆಸರಿನೊಡನೆ ತಾರೀಖನ್ನೂ ಹೇಳುವುದು ಸುರಕ್ಷಿತ ಕ್ರಮ.

ಅಳತೆಯನ್ನು ಕೇಳುಗನು ಬಳಸುವ ಪಾತ್ರೆಗೆ ಹೊಂದಿಸಿ ಹೇಳಬೇಕು. ಬೆಳೆಗೆ ಸಿಂಪಡಿಸುವ ಔಷಧವನ್ನು ಲೀಟರಿಗೆ 2 ಮಿಲಿಲೀಟರ್ ಎಂದು ಸೂಚಿಸಿದ್ದರೆ, 16 ಲೀಟರಿನ ಸಿಂಪರಣಾ ಯಂತ್ರವಿರುವ ರೈತನಿಗೆ ‘ಒಂದು ಟ್ಯಾಂಕಿಗೆ 32 ಮಿಲಿ, ಮುಚ್ಚಳದಲ್ಲಿ ಅಲ್ಲ, ಅಳತೆಯ ಲೋಟದಲ್ಲಿ’ ಎಂದು ಹೇಳುವುದು ಸರಿಯಾದ ಸಂವಹನ.

ಕರ್ತೃ ಮತ್ತು ಕಾಲ

ಆಡಳಿತ ಕನ್ನಡದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುವುದು’ ಎಂಬಂತಹ ಕರ್ಮಣಿ ಪ್ರಯೋಗಗಳು ರೂಢಿಯಾಗಿವೆ. ಬರಹದಲ್ಲಿ ಇವಕ್ಕೆ ಸ್ಥಾನವಿರಬಹುದು. ಆದರೆ ಎದುರಿಗೆ ನಿಂತ ವ್ಯಕ್ತಿಗೆ ಇದೇ ಉತ್ತರ ಕೊಟ್ಟರೆ ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎಂಬ ಎರಡೂ ಸಂಗತಿಗಳು ಮರೆಯಾಗುತ್ತವೆ. ‘ಈ ಕಡತವನ್ನು ನಾನೇ ನೋಡುತ್ತೇನೆ, 12ನೇ ತಾರೀಖು ಮಧ್ಯಾಹ್ನದೊಳಗೆ ನಿಮಗೆ ಫೋನು ಮಾಡುತ್ತೇನೆ’ ಎಂಬ ಮಾತಿನಲ್ಲಿ ಕರ್ತೃವೂ ಇದೆ, ಕಾಲವೂ ಇದೆ. ಸಭೆಗಳ ನಿರ್ಣಯಗಳಿಗೂ ಈ ಸೂತ್ರ ಅನ್ವಯಿಸುತ್ತದೆ: ಹೆಸರು ಮತ್ತು ಗಡುವು ಇಲ್ಲದ ನಿರ್ಣಯ ಸಾಮಾನ್ಯವಾಗಿ ಮುಂದಿನ ಸಭೆಗೂ ಹಾಗೆಯೇ ಬರುತ್ತದೆ.

‘ಆಯ್ತು’ ಮತ್ತು ‘ನೋಡೋಣ’

ಕನ್ನಡದ ‘ಆಯ್ತು’ ಎಂಬ ಒಂದು ಪದಕ್ಕೆ ಕನಿಷ್ಠ ಮೂರು ಅರ್ಥಗಳಿವೆ: ಕೇಳಿಸಿಕೊಂಡೆ, ಒಪ್ಪಿದೆ, ಕೆಲಸ ಮುಗಿಯಿತು. ಟೆನೆರಿಫ್ ಘಟನೆಯ ‘ಓಕೆ’ಯಂತೆಯೇ ಇದು ಕೂಡ ಹೇಳಿದವನ ಮನಸ್ಸಿನಲ್ಲಿ ಒಂದು, ಕೇಳಿದವನ ಮನಸ್ಸಿನಲ್ಲಿ ಇನ್ನೊಂದು ಆಗಬಲ್ಲದು. ಮುಖ್ಯವಾದ ಕೆಲಸಗಳಲ್ಲಿ ‘ಆಯ್ತು’ ಎಂದಷ್ಟೇ ಹೇಳದೆ ‘ಕೇಳಿಸಿತು, ಇನ್ನು ಮಾಡಬೇಕು’ ಅಥವಾ ‘ಮಾಡಿ ಮುಗಿಸಿದೆ’ ಎಂದು ಬಿಡಿಸಿ ಹೇಳುವುದು ಒಳಿತು.

‘ನೋಡೋಣ’ ಎಂಬುದು ಅನೇಕ ವೇಳೆ ಸೌಜನ್ಯದ ನಿರಾಕರಣೆ. ಹೇಳಿದವನು ಇಲ್ಲವೆಂದು ಭಾವಿಸಿರುತ್ತಾನೆ, ಕೇಳಿದವನು ಆಗುತ್ತದೆಂದು ನಂಬಿ ಮತ್ತೆ ಮತ್ತೆ ಬರುತ್ತಾನೆ. ದಿನಗೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಬರುವವನಿಗೆ ಇದರಿಂದಾಗುವ ನಷ್ಟ ಸಣ್ಣದಲ್ಲ. ಆಗದ ಕೆಲಸವನ್ನು ಆಗುವುದಿಲ್ಲ ಎಂದು, ಕಾರಣ ಸಹಿತ, ಮುಂದಿನ ದಾರಿ ಇದ್ದರೆ ಅದನ್ನೂ ಸೇರಿಸಿ, ಮೃದುವಾಗಿ ಹೇಳುವುದೇ ನಿಜವಾದ ಸೌಜನ್ಯ.

ಗೌರವ ಸೂಚಕ ರೂಪಗಳು

ಕನ್ನಡದಲ್ಲಿ ‘ನೀನು’ ಮತ್ತು ‘ನೀವು’ಗಳ ಆಯ್ಕೆ ಕೇವಲ ವ್ಯಾಕರಣದ ವಿಷಯವಲ್ಲ. ಸಾರ್ವಜನಿಕ ಕಚೇರಿಯಲ್ಲಿ ಸೂಟು ಧರಿಸಿ ಬಂದವರಿಗೆ ‘ನೀವು’, ಹೆಗಲಿಗೆ ಟವೆಲ್ ಹಾಕಿ ಬಂದ ಹಿರಿಯರಿಗೆ ‘ನೀನು’ ಎಂದರೆ, ಮುಂದೆ ಹೇಳುವ ಮಾಹಿತಿ ಎಷ್ಟೇ ಸರಿಯಿದ್ದರೂ ಕೇಳುಗರ ಮನಸ್ಸು ಮುಚ್ಚಿಹೋಗುತ್ತದೆ. ವೃತ್ತಿಯ ಸಂದರ್ಭದಲ್ಲಿ ಎಲ್ಲ ವಯಸ್ಕರಿಗೂ ಬಹುವಚನ ಬಳಸುವುದು ಯೋಗ್ಯ. ‘ಅಣ್ಣ’, ‘ಅಮ್ಮ’, ‘ಅಜ್ಜಿ’ ಎಂಬ ಸಂಬೋಧನೆಗಳು ಈ ಪ್ರದೇಶದಲ್ಲಿ ಆತ್ಮೀಯತೆಯನ್ನು ತರುತ್ತವೆ. ಆದರೆ ಕ್ರಿಯಾಪದ ಬಹುವಚನದಲ್ಲಿಯೇ ಇರಬೇಕು: ‘ಅಜ್ಜಿ, ಇಲ್ಲಿ ಕೂತ್ಕೊಳ್ಳಿ’.

ಮರಳಿ ಹೇಳಿಸುವುದು

‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಹೆಚ್ಚಿನವರು ಸಂಕೋಚದಿಂದ ‘ಹೂಂ’ ಎನ್ನುತ್ತಾರೆ. ಆದುದರಿಂದ ಆರೋಗ್ಯ ಕ್ಷೇತ್ರದಲ್ಲಿ ರೋಗಿಯಿಂದಲೇ ಸೂಚನೆಯನ್ನು ಮರಳಿ ಹೇಳಿಸುವ ಕ್ರಮ ಬಳಕೆಯಲ್ಲಿದೆ. ಇದನ್ನು ಪರೀಕ್ಷೆಯಂತೆ ಕೇಳಬಾರದು. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋಗಿ ಈ ಮಾತ್ರೆ ಹೇಗೆ ತೊಗೊಳ್ತೀರಿ ಹೇಳಿ’ ಎಂದು ಕೇಳಿದಾಗ ಹೊಣೆ ಹೇಳಿದವರ ಮೇಲೆ ಉಳಿಯುತ್ತದೆ, ಕೇಳುಗರಿಗೆ ಅವಮಾನವಾಗುವುದಿಲ್ಲ. ಉತ್ತರ ಅವರ ಮನೆಮಾತಿನಲ್ಲಿ ಬಂದರೂ ಸರಿಯೇ.

ವಿವಿಧ ಸಂದರ್ಭಗಳು

ಉದ್ಯೋಗ ಸಂದರ್ಶನ

ಸಂದರ್ಶನದಲ್ಲಿ ಪ್ರಶ್ನೆಯನ್ನು ಪೂರ್ತಿ ಕೇಳಿ, ಎರಡು ಕ್ಷಣ ಯೋಚಿಸಿ, ನೇರ ಉತ್ತರವನ್ನು ಮೊದಲು, ಕಾರಣವನ್ನು ಅನಂತರ ಹೇಳುವುದು ಉತ್ತಮ. ಪ್ರಶ್ನೆ ತಿಳಿಯದಿದ್ದರೆ ಮತ್ತೊಮ್ಮೆ ಕೇಳುವಂತೆ ವಿನಂತಿಸಬಹುದು. ಉತ್ತರ ಗೊತ್ತಿಲ್ಲದಿದ್ದರೆ ಹಾಗೆಂದೇ ಹೇಳುವುದು ಸುತ್ತಿಬಳಸಿ ಮಾತನಾಡುವುದಕ್ಕಿಂತ ಮೇಲು. ಮಾಡಿದ ಕೆಲಸವನ್ನು ವಿವರಿಸುವಾಗ ‘ಪರಿಸ್ಥಿತಿ ಏನಿತ್ತು, ನನ್ನ ಪಾಲಿನ ಕೆಲಸವೇನು, ಏನು ಮಾಡಿದೆ, ಫಲವೇನಾಯಿತು’ ಎಂಬ ಕ್ರಮ ಸಹಾಯಕ. ಮನೆಯ ಹಿಪ್ಪುನೇರಳೆ ತೋಟದ ಲೆಕ್ಕ ಬರೆದ, ಹಾಲು ಉತ್ಪಾದಕರ ಸಂಘದಲ್ಲಿ ಸಹಾಯ ಮಾಡಿದ ಅನುಭವವೂ ಅನುಭವವೇ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಇಂಗ್ಲಿಷ್ ಮಾತ್ರವೇ ಸಂದರ್ಶನದ ಭಾಷೆ ಎಂಬುದು ಎಲ್ಲೆಡೆಯೂ ನಿಜವಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ 275 ಅಂಕಗಳ ವ್ಯಕ್ತಿತ್ವ ಪರೀಕ್ಷೆಯನ್ನು, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದ ಅಭ್ಯರ್ಥಿಗಳು ಕನ್ನಡದಲ್ಲಿಯೇ ಎದುರಿಸಲು ಅವಕಾಶವಿದೆ.

ಸಭೆ

ಸಭೆಯಲ್ಲಿ ಮಾತನಾಡುವವರು ಕಾರ್ಯಸೂಚಿಯ ಯಾವ ಅಂಶದ ಬಗ್ಗೆ ಮಾತನಾಡುತ್ತಿದ್ದಾರೆಂಬುದನ್ನು ಮೊದಲು ಹೇಳಬೇಕು. ಭಿನ್ನಾಭಿಪ್ರಾಯವನ್ನು ವ್ಯಕ್ತಿಯ ಮೇಲಲ್ಲದೆ ವಿಷಯದ ಮೇಲೆ ಇರಿಸಬೇಕು. ಗ್ರಾಮ ಪಂಚಾಯಿತಿ ವ್ಯವಸ್ಥೆಯಲ್ಲಿ ಗ್ರಾಮಸಭೆಯು ಸಾಮಾನ್ಯ ನಾಗರಿಕರು ಅಧಿಕಾರಿಗಳ ಎದುರು ನೇರವಾಗಿ ಮಾತನಾಡುವ ವೇದಿಕೆ. ‘ನಮ್ಮ ಬೀದಿಗೆ ಏನೂ ಆಗಿಲ್ಲ’ ಎಂಬ ದೂರಿಗಿಂತ, ಯಾವ ಬೀದಿ, ಯಾವ ಕೆಲಸ, ಎಂದಿನಿಂದ ಬಾಕಿ, ಈಗ ಏನು ಕೋರಿಕೆ ಎಂಬ ನಾಲ್ಕು ಸಂಗತಿಗಳುಳ್ಳ ಮಾತು ನಡವಳಿ ಪುಸ್ತಕದಲ್ಲಿ ದಾಖಲಾಗುವ ಸಾಧ್ಯತೆ ಹೆಚ್ಚು.

ದೂರವಾಣಿ

ದೂರವಾಣಿಯಲ್ಲಿ ಮುಖಭಾವ ಕಾಣುವುದಿಲ್ಲವಾದ್ದರಿಂದ ಹೆಸರು, ಸ್ಥಳ, ಕಾರಣವನ್ನು ಮೊದಲು ಹೇಳಬೇಕು. ಮುಗಿಸುವ ಮುನ್ನ ಒಪ್ಪಿದ ಅಂಶವನ್ನು ಪುನರುಚ್ಚರಿಸಬೇಕು. ತುರ್ತು ಸಂದರ್ಭದಲ್ಲಿ ಇದು ಜೀವದ ಪ್ರಶ್ನೆ. 108 ಆಂಬುಲೆನ್ಸ್ ಸೇವೆಗೆ ಕರೆ ಮಾಡುವಾಗ ಘಟನೆ ನಡೆದ ಸ್ಥಳ, ಹತ್ತಿರದ ಗುರುತು, ಗಾಯಗೊಂಡವರ ಸಂಖ್ಯೆ, ಅವರ ಸ್ಥಿತಿ, ಕರೆ ಮಾಡಿದವರ ದೂರವಾಣಿ ಸಂಖ್ಯೆ ಇವನ್ನು ಕ್ರಮವಾಗಿ ಹೇಳಬೇಕು. ಒಂದೇ ಹೆಸರಿನ ಹಳ್ಳಿಗಳು ಬೇರೆ ಬೇರೆ ತಾಲ್ಲೂಕುಗಳಲ್ಲಿರುವುದು ಸಾಮಾನ್ಯವಾದ್ದರಿಂದ ಹೋಬಳಿ ಮತ್ತು ತಾಲ್ಲೂಕಿನ ಹೆಸರನ್ನೂ ಸೇರಿಸಬೇಕು. ಅವರು ಹೇಳುವವರೆಗೆ ಕರೆ ಕಡಿತಗೊಳಿಸಬಾರದು.

ಮೇಲಧಿಕಾರಿಗೆ ವರದಿ

ಕಿರಿಯ ನೌಕರರು ಹಿರಿಯರ ಎದುರು ಅಪಾಯವನ್ನು ಸ್ಪಷ್ಟವಾಗಿ ಹೇಳಲು ಹಿಂಜರಿಯುವುದು ಎಲ್ಲ ದೇಶಗಳಲ್ಲಿಯೂ ಕಾಣುವ ಸಮಸ್ಯೆ. ಇದಕ್ಕೆ ಪರಿಹಾರವಾಗಿ ಆಸ್ಪತ್ರೆಗಳಲ್ಲಿ ‘ಎಸ್‌ಬಿಎಆರ್’ ಎಂಬ ಕ್ರಮ ಪ್ರಚಲಿತವಾಗಿದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಇದರ ಮೂಲವಿದೆ ಎನ್ನಲಾಗುತ್ತದೆ. ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ನಾಲ್ಕು ಭಾಗಗಳು ಇದರಲ್ಲಿವೆ. ಮಾತಿನ ಚೌಕಟ್ಟು ಮೊದಲೇ ನಿಗದಿಯಾಗಿರುವುದರಿಂದ ಶುಶ್ರೂಷಕಿಯೊಬ್ಬರು ವೈದ್ಯರಿಗೆ ‘ನೀವು ಈಗಲೇ ಬಂದು ನೋಡಬೇಕು’ ಎಂದು ಹೇಳುವುದು ಉದ್ಧಟತನವೆನಿಸುವುದಿಲ್ಲ.

ಸಾಮಾನ್ಯ ತಪ್ಪು ಗ್ರಹಿಕೆಗಳು

ಇಂಗ್ಲಿಷ್ ಬಂದರೆ ಸಂವಹನ ಬಂದಂತೆ: ಭಾಷೆ ಸಾಧನ ಮಾತ್ರ. ಇಂಗ್ಲಿಷ್ ಕಲಿಯುವುದು ಅನೇಕ ಉದ್ಯೋಗಗಳಿಗೆ ಅಗತ್ಯ. ಆದರೆ ಸಿದ್ಧತೆ, ಆಲಿಸುವಿಕೆ, ಸ್ಪಷ್ಟತೆ ಇಲ್ಲದ ಮಾತು ಯಾವ ಭಾಷೆಯಲ್ಲಿದ್ದರೂ ವಿಫಲವಾಗುತ್ತದೆ. ಎರಡು ಭಾಷೆಗಳ ನಡುವೆ ಬಾಲ್ಯದಿಂದಲೇ ಓಡಾಡಿದವರಿಗೆ ಕೇಳುಗನನ್ನು ನೋಡಿ ಮಾತು ಬದಲಿಸುವ ಅಭ್ಯಾಸ ಸಹಜವಾಗಿ ಬಂದಿರುತ್ತದೆ. ಅದು ಕೊರತೆಯಲ್ಲ, ಬಂಡವಾಳ.

ಸಂವಹನದಲ್ಲಿ ಪದಗಳ ಪಾಲು ಶೇಕಡಾ 7 ಮಾತ್ರ: ತರಬೇತಿ ಶಿಬಿರಗಳಲ್ಲಿ ಈ ಮಾತನ್ನು ಆಗಾಗ ಕೇಳಬಹುದು, ಧ್ವನಿಗೆ ಶೇಕಡಾ 38, ಮುಖಭಾವಕ್ಕೆ ಶೇಕಡಾ 55 ಎಂದೂ ಸೇರಿಸಲಾಗುತ್ತದೆ. ಇದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಅಧ್ಯಯನಗಳ ತಪ್ಪು ವ್ಯಾಖ್ಯಾನ. ಆ ಅಧ್ಯಯನಗಳು ಪ್ರೀತಿ, ಅಪ್ರೀತಿಯಂತಹ ಭಾವನೆಗಳ ಗ್ರಹಿಕೆಗೆ ಸೀಮಿತವಾಗಿದ್ದವು. ಔಷಧದ ಪ್ರಮಾಣವನ್ನೋ ಸಾಲದ ಬಡ್ಡಿಯನ್ನೋ ಹೇಳುವಾಗ ಪದಗಳ ಪಾಲು ಶೇಕಡಾ 7 ಆಗಲಾರದು.

ವೇಗವಾಗಿ ಮಾತನಾಡುವವರು ಸಮರ್ಥರು: ವೇಗವು ಆತ್ಮವಿಶ್ವಾಸದ ಲಕ್ಷಣವಾಗಿರಬಹುದು, ಆತಂಕದ ಲಕ್ಷಣವೂ ಆಗಿರಬಹುದು. ಮುಖ್ಯ ಮಾತಿನ ಮೊದಲು ಮತ್ತು ಅನಂತರ ಒಂದು ಕ್ಷಣ ನಿಲ್ಲಿಸುವುದರಿಂದ ಕೇಳುಗರಿಗೆ ಗ್ರಹಿಸಲು ಅವಕಾಶ ಸಿಗುತ್ತದೆ.

ಅಭ್ಯಾಸ ಕ್ರಮ

ಮೌಖಿಕ ಸಂವಹನ ಅಭ್ಯಾಸದಿಂದ ಬರುವ ಕೌಶಲ. ದುಬಾರಿ ತರಬೇತಿ ಇಲ್ಲದೆಯೂ ವಿದ್ಯಾರ್ಥಿಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ದಿನಪತ್ರಿಕೆಯ ಒಂದು ಸುದ್ದಿಯನ್ನು ಓದಿ, ಪತ್ರಿಕೆ ಮುಚ್ಚಿ, ಒಂದು ನಿಮಿಷದಲ್ಲಿ ಅದರ ಸಾರವನ್ನು ಗಟ್ಟಿಯಾಗಿ ಹೇಳುವುದು.
2. ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುವುದು. ಅಪೂರ್ಣ ವಾಕ್ಯಗಳನ್ನು, ‘ಅದೇ’, ‘ಏನಂದ್ರೆ’ ಮುಂತಾದ ಅನಗತ್ಯ ಪದಗಳನ್ನು ಗುರುತಿಸುವುದು.
3. ಅದೇ ಸುದ್ದಿಯನ್ನು ಮನೆಯ ಹಿರಿಯರಿಗೆ ಮನೆಮಾತಿನಲ್ಲಿ, ಗೆಳೆಯರಿಗೆ ಕನ್ನಡದಲ್ಲಿ, ಬಳಿಕ ಸರಳ ಇಂಗ್ಲಿಷಿನಲ್ಲಿ ಹೇಳುವುದು. ಒಂದು ಭಾಷೆಯಲ್ಲಿ ಸ್ಪಷ್ಟವಾದ ವಿಚಾರ ಇನ್ನೊಂದರಲ್ಲಿ ಹೇಳಲು ಸುಲಭವಾಗುತ್ತದೆ.
4. ಬ್ಯಾಂಕು, ಅಂಚೆ ಕಚೇರಿ, ಪಂಚಾಯಿತಿಗೆ ಮನೆಯವರೊಡನೆ ಹೋದಾಗ ವಿಚಾರಣೆಯ ಮಾತನ್ನು ತಾನೇ ಆಡುವುದು.
5. ಶಾಲೆಯ ಚರ್ಚಾಸ್ಪರ್ಧೆ, ಮಕ್ಕಳ ಗ್ರಾಮಸಭೆಗಳಲ್ಲಿ ಕನಿಷ್ಠ ಒಂದು ಪ್ರಶ್ನೆಯನ್ನು ಎದ್ದು ನಿಂತು ಕೇಳುವುದು.
6. ಇಬ್ಬರು ಗೆಳೆಯರು ಸಂದರ್ಶಕ ಮತ್ತು ಅಭ್ಯರ್ಥಿಯ ಪಾತ್ರ ವಹಿಸಿ ಅಭ್ಯಾಸ ಮಾಡುವುದು. ಬಳಿಕ ಪಾತ್ರ ಬದಲಿಸುವುದು.

ಸಭಾಕಂಪನ ಬಹುಪಾಲು ಜನರಿಗೆ ಇರುತ್ತದೆ. ಮೊದಲ ವಾಕ್ಯವನ್ನು ಚೆನ್ನಾಗಿ ರೂಢಿಸಿಕೊಳ್ಳುವುದು, ನಿಧಾನವಾಗಿ ಉಸಿರಾಡುವುದು, ಸಭೆಯಲ್ಲಿ ಪರಿಚಿತ ಮುಖವೊಂದನ್ನು ನೋಡಿ ಆರಂಭಿಸುವುದು ಅದನ್ನು ತಗ್ಗಿಸುತ್ತವೆ.

ಮಿತಿಗಳು

ಸಂವಹನ ಕೌಶಲದ ತರಬೇತಿಯು ಎಲ್ಲ ಸಮಸ್ಯೆಗಳಿಗೂ ಪರಿಹಾರವಲ್ಲ. ಆಸ್ಪತ್ರೆಯಲ್ಲಿ ಔಷಧವೇ ಇಲ್ಲದಿದ್ದರೆ, ಕಚೇರಿಯಲ್ಲಿ ಸಿಬ್ಬಂದಿಯೇ ಇಲ್ಲದಿದ್ದರೆ, ಸವಿಯಾದ ಮಾತು ಆ ಕೊರತೆಯನ್ನು ತುಂಬಲಾರದು. ತರಬೇತಿಯ ಭಾರವೆಲ್ಲವನ್ನೂ ಉದ್ಯೋಗ ಹುಡುಕುವ ಗ್ರಾಮೀಣ ಯುವಜನರ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ಮಾತು ಇಬ್ಬರ ನಡುವೆ ನಡೆಯುವಂಥದು. ಅರ್ಥವಾಗುವಂತೆ ಹೇಳುವ ಮತ್ತು ತಾಳ್ಮೆಯಿಂದ ಕೇಳುವ ಹೊಣೆ, ಅಧಿಕಾರ ಮತ್ತು ಮಾಹಿತಿ ಯಾರ ಬಳಿ ಹೆಚ್ಚಾಗಿದೆಯೋ ಅವರ ಮೇಲೆ ಹೆಚ್ಚಾಗಿರುತ್ತದೆ. ಸಂದರ್ಶಕನು ಅಭ್ಯರ್ಥಿಗೆ ಯೋಚಿಸಲು ಒಂದು ನಿಮಿಷ ಕೊಡುವುದು, ವೈದ್ಯನು ರೋಗಿಯ ಮನೆಮಾತಿನ ನಾಲ್ಕು ಪದಗಳನ್ನು ಕಲಿಯುವುದು, ಗುಮಾಸ್ತನು ‘ನಾಳೆ ಬನ್ನಿ’ ಎನ್ನುವ ಬದಲು ತರಬೇಕಾದ ಕಾಗದಗಳನ್ನೆಲ್ಲ ಒಂದೇ ಸಲ ಬರೆದುಕೊಡುವುದು ಕೂಡ ವೃತ್ತಿಕ್ಷೇತ್ರದ ಮೌಖಿಕ ಸಂವಹನದ ಭಾಗವೇ ಆಗಿವೆ.